ಪ್ಲಾಸ್ಟಿಕ್ ಬೋನ್ ಸೆಟ್: ಕೈಕಾಲಿಗೆ ಸರಿ, ತಲೆಬುರುಡೆಗೆ ಸಾಲದು

ಎಂಬಿಬಿಎಸ್ ಮೊದಲ ವರ್ಷಕ್ಕೆ ಸೇರಿದವರು ಈಗ ಹೆಚ್ಚಾಗಿ ಕೊಳ್ಳುವುದು ಪಿವಿಸಿ ಪ್ಲಾಸ್ಟಿಕ್ಕಿನ ಹಾಫ್ ಸೆಟ್, ಅಂದರೆ ಅರ್ಧ ಅಸ್ಥಿಪಂಜರ. ತಲೆಬುರುಡೆ, ಕೆಳದವಡೆ, ಬೆನ್ನೆಲುಬು, ಎದೆಮೂಳೆ, ಒಂದು ಬದಿಯ 12 ಪಕ್ಕೆಲುಬು, ಒಂದು ಕೈ, ಒಂದು ಕಾಲು. ದೊಡ್ಡವರ ದೇಹದಲ್ಲಿ 206 ಮೂಳೆ ಇದ್ದರೂ ಓದಿಗೆ ಇಷ್ಟು ಸಾಕು. ಒಂದು ಕಾಲಕ್ಕೆ ನಮ್ಮ ದೇಶದಿಂದ ಅಸ್ಥಿಪಂಜರಗಳು ಹೊರದೇಶಕ್ಕೆ ಹೋಗುತ್ತಿದ್ದವು, 1985ರಲ್ಲಿ ಆ ರಫ್ತು ನಿಂತಿತು. ಯಾರದೆಂದೇ ತಿಳಿಯದ ಮೂಳೆಯನ್ನು ಹಾಸ್ಟೆಲ್ ಮಂಚದ ಕೆಳಗೆ ಇಟ್ಟುಕೊಳ್ಳುವುದಕ್ಕಿಂತ ಪ್ಲಾಸ್ಟಿಕ್ ಎಷ್ಟೋ ಮೇಲು.

ಉದ್ದ ಮೂಳೆಗಳಲ್ಲಿ ಈ ಸೆಟ್ ಕೆಲಸಕ್ಕೆ ಬರುತ್ತದೆ. ಫೀಮರ್ (ತೊಡೆಮೂಳೆ) ಹಿಡಿದರೆ ಗುಂಡನೆಯ ತಲೆ ಒಳಕ್ಕೆ, ಉಬ್ಬು ಮುಂದಕ್ಕೆ, ಲೀನಿಯಾ ಆಸ್ಪೆರಾ ಎಂಬ ಒರಟು ಏಣು ಹಿಂದಕ್ಕೆ: ಎಡವೋ ಬಲವೋ ತಕ್ಷಣ ತಿಳಿಯುತ್ತದೆ. ತೊಡಕಿರುವುದು ಮೊಣಕಾಲ ಕೆಳಗಿನ ಹೊರಬದಿಯ ತೆಳು ಮೂಳೆ ಫಿಬ್ಯುಲಾದಲ್ಲಿ. ಅದರ ಕೆಳತುದಿಯಲ್ಲಿ, ಕೀಲಿನ ನುಣುಪು ಜಾಗದ ಹಿಂದೆ, ಮ್ಯಾಲಿಯೋಲಾರ್ ಫಾಸಾ ಎಂಬ ಗುಳಿ ಇರಬೇಕು. ಅಗ್ಗದ ಅಚ್ಚಿನಲ್ಲಿ ಅದು ಮುಚ್ಚಿಹೋಗಿದ್ದರೆ ಬದಿ ಹೇಳಲು ಮುಖ್ಯ ಆಧಾರವೇ ಉಳಿಯುವುದಿಲ್ಲ. ಕೊಳ್ಳುವಾಗ ಮೊದಲು ನೋಡಬೇಕಾದದ್ದು ಇದನ್ನೇ.

ಎರಡನೆಯದು ಅಚ್ಚಿನ ಗೆರೆ. ಎರಡು ಅರ್ಧಗಳು ಕೂಡುವಲ್ಲಿ ಉದ್ದಕ್ಕೂ ಏಳುವ ಈ ಏಣನ್ನು ಮುಂಗೈಯ ಎರಡು ಮೂಳೆಗಳಾದ ರೇಡಿಯಸ್, ಅಲ್ನಾಗಳಲ್ಲಿ ಇಂಟರಾಸಿಯಸ್ ಬಾರ್ಡರ್ (ಎರಡು ಮೂಳೆಗಳ ನಡುವಿನ ಅಂಚು) ಎಂದು ತಪ್ಪು ತಿಳಿಯುವುದುಂಟು. ನಿಜವಾದ ಅಂಚು ಎದುರಿನ ಮೂಳೆಯ ಕಡೆಗೇ ಮುಖ ಮಾಡಿರುತ್ತದೆ. ಬೇರೆಡೆ ಕಂಡ ಅಚ್ಚಿನ ಗೆರೆಯನ್ನು ಸಣ್ಣ ಉಪ್ಪುಕಾಗದದಿಂದ ಮೆಲ್ಲಗೆ ತಿಕ್ಕಿ ತೆಗೆಯಿರಿ. ರಕ್ತನಾಳ ಮೂಳೆಯೊಳಗೆ ಹೋಗುವ ನ್ಯೂಟ್ರಿಯೆಂಟ್ ಫೊರಾಮೆನ್‌ನ ರಂಧ್ರವೂ ಎಷ್ಟೋ ಸಲ ಬರೀ ಚುಕ್ಕೆಯಾಗಿರುತ್ತದೆ. ಕೈಯಲ್ಲಿ ಅದು ಮೊಣಕೈಯ ಕಡೆಗೆ, ಕಾಲಿನಲ್ಲಿ ಮೊಣಕಾಲಿನಿಂದ ಆಚೆಗೆ ಓರೆಯಾಗಿರಬೇಕು. ಚುಕ್ಕೆಯಲ್ಲಿ ಆ ಓರೆ ಕಾಣುವುದಿಲ್ಲ.

ಸೆಟ್ ನಿಜಕ್ಕೂ ಸೋಲುವುದು ತಲೆಬುರುಡೆಯ ತಳದಲ್ಲಿ. ತೆಂಗಿನ ಪೊರಕೆಯ ಒಂದು ತೆಳು ಕಡ್ಡಿ ತೆಗೆದುಕೊಳ್ಳಿ. ಫೊರಾಮೆನ್ ಒವೇಲ್, ಅದರ ಹಿಂದೆಯೇ ಪಕ್ಕದಲ್ಲಿರುವ ಫೊರಾಮೆನ್ ಸ್ಪೈನೋಸಮ್, ಕಣ್ಣಿನ ಗೂಡಿನ ಆಪ್ಟಿಕ್ ಕೆನಾಲ್: ನರ, ರಕ್ತನಾಳ ಹಾಯುವ ಈ ಮೂರು ರಂಧ್ರಗಳಲ್ಲೂ ಕಡ್ಡಿ ಆಚೆಗೆ ಹೋಗಬೇಕು. ಸ್ಪೈನೋಸಮ್ ಮುಚ್ಚಿದ್ದರೆ ಮಿದುಳಿನ ಹೊದಿಕೆಗೆ ರಕ್ತ ಒಯ್ಯುವ ಮಿಡ್ಲ್ ಮೆನಿಂಜಿಯಲ್ ಅಪಧಮನಿ ಯಾವ ದಾರಿಯಲ್ಲಿ ಒಳಬರುತ್ತದೆಂದು ತೋರಿಸಲಾಗದು, ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೈ ಸೀದಾ ಅಲ್ಲಿಗೆ ಹೋಗುವುದಿಲ್ಲ. ಬುರುಡೆಯನ್ನು ಮಾತ್ರ ಡಿಪಾರ್ಟ್‌ಮೆಂಟಿನ ಅಸಲಿ ಬುರುಡೆಯಲ್ಲೇ ಕಲಿಯಿರಿ. ಮಣಿಕಟ್ಟಿನ 8 ಕಾರ್ಪಲ್ ಮೂಳೆಗಳನ್ನು ಅಂಟಿಸಿ ಕೊಡುವ ಸೆಟ್ ಬೇಡ. ದಾರದಲ್ಲಿ ಪೋಣಿಸಿದ್ದು ಸಿಕ್ಕರೆ ಬಿಚ್ಚಿ ಒಂದೊಂದಾಗಿ ನೋಡಬಹುದು.

ಮೃದ್ವಸ್ಥಿ (ಕಾರ್ಟಿಲೇಜ್) ಇಂಥ ಬಿಡಿ ಮೂಳೆಗಳ ಸೆಟ್ಟಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. 8, 9, 10ನೇ ಪಕ್ಕೆಲುಬುಗಳು ಮೇಲಿನದರ ಮೃದ್ವಸ್ಥಿಗೆ ಜೋತುಬಿದ್ದಿರುವುದು, 11, 12 ಮುಂದೆ ಯಾವುದಕ್ಕೂ ಅಂಟದೆ ನಿಂತಿರುವುದು ಇದರಲ್ಲಿ ತಿಳಿಯದು. ಈ ಕೊರತೆ ತುಂಬಲು ಮಟನ್ ಅಂಗಡಿಗೆ ಹೋಗಿ, ಹಿಂಗಾಲಿನ ಮೊಣಕಾಲ ಗಂಟನ್ನು ಕೊಚ್ಚದೆ ಇಡಿಯಾಗಿ ಕೇಳಿ. ಗಂಟು ಬಿಚ್ಚಿದರೆ ಮೂಳೆಯ ತುದಿಯ ಮೇಲೆ ನೀಲಿ ಛಾಯೆಯ, ಜಾರುವ ಬಿಳಿ ಹೊದಿಕೆ ಹಯಲಿನ್ ಮೃದ್ವಸ್ಥಿ; ನಡುವೆ ಕೂತ ಎರಡು ಅರ್ಧಚಂದ್ರಗಳು ಮೆನಿಸ್ಕಸ್, ಅಂದರೆ ನಾರುಳ್ಳ ಫೈಬ್ರೋಕಾರ್ಟಿಲೇಜ್. ಎಳೆಯ ಮೇಕೆಯದಾದರೆ ಮೂಳೆಯನ್ನು ಉದ್ದಕ್ಕೆ ಸೀಳಿಸಿಕೊಳ್ಳಿ: ತುದಿಗೂ ಕಾಂಡಕ್ಕೂ ನಡುವೆ ಬೆಳವಣಿಗೆಯ ಪಟ್ಟಿ ಗೆರೆಯಾಗಿ ಕಾಣುತ್ತದೆ. ಹಸಿಯಾಗಿಯೇ ನೋಡಿ. ಬೇಯಿಸಿದರೆ ಕೊಲಾಜನ್ ಕರಗಿ ಜೆಲಾಟಿನ್ ಆಗಿ, ನೋಡಬೇಕಾದದ್ದು ಸಾರಿಗೆ ಸೇರಿಹೋಗುತ್ತದೆ.