ಟೂಲ್‌ಬಾಕ್ಸ್ ಡ್ರಾಯರ್‌ಗೆ ಕೈಯಾರೆ ಕೊರೆದ ಫೋಮ್: ದೀರ್ಘ ಬಳಕೆಯ ನಂತರದ ವಿಮರ್ಶೆ

ಪ್ರತಿ ಉಪಕರಣದ ಆಕಾರಕ್ಕೆ ಗುಂಡಿ ಕೊರೆದ ಫೋಮ್ ಹಾಕಿದರೆ ಡ್ರಾಯರ್‌ನಲ್ಲಿ ಜಾಗ ಉಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಒಂದರ ಮೇಲೊಂದು ತುಂಬಿಟ್ಟಾಗ ಹಿಡಿಸುತ್ತಿದ್ದ ಸಾಮಾನು ಫೋಮ್ ಬಂದ ಮೇಲೆ ಹಿಡಿಸುವುದಿಲ್ಲ. ಲಾಭ ಇರುವುದು ಬೇರೆ ಕಡೆ: ಡ್ರಾಯರ್ ಎಳೆದ ಕ್ಷಣದಲ್ಲೇ ಯಾವುದು ವಾಪಸ್ ಬಂದಿಲ್ಲ ಎಂದು ಖಾಲಿ ಗುಂಡಿ ಹೇಳುತ್ತದೆ. ವಿಮಾನ ದುರಸ್ತಿಯವರು ಈ ಪದ್ಧತಿಯನ್ನು ಕಟ್ಟುನಿಟ್ಟಾಗಿ ಪಾಲಿಸುವುದು ಅದಕ್ಕೇ. ಎಂಜಿನ್ ಒಳಗೆ ಒಂದು ಸ್ಪ್ಯಾನರ್ ಉಳಿದುಹೋಗಬಾರದು. ಟಾರ್ಕ್ ವ್ರೆಂಚ್, ವರ್ನಿಯರ್ ಕ್ಯಾಲಿಪರ್‌ನಂಥ ಸೂಕ್ಷ್ಮ ಸಾಧನಗಳು ಬೇರೆ ಕಬ್ಬಿಣಕ್ಕೆ ಬಡಿದುಕೊಳ್ಳುವುದೂ ತಪ್ಪುತ್ತದೆ.

ಎಷ್ಟು ಕಾಲ ಬಾಳಿಕೆ ಬರುತ್ತದೆ ಎಂಬುದನ್ನು ಮುಕ್ಕಾಲು ಪಾಲು ನಿರ್ಧರಿಸುವುದು ಯಾವ ಫೋಮ್ ಆರಿಸಿದಿರಿ ಎನ್ನುವುದು. ಸೋಫಾ, ಹಾಸಿಗೆಯಲ್ಲಿ ಬರುವ ಪಾಲಿಯುರೆಥೇನ್ ಸ್ಪಂಜು ಬೇಡವೇ ಬೇಡ. ಅದರ ರಂಧ್ರಗಳು ಒಂದಕ್ಕೊಂದು ತೆರೆದಿರುತ್ತವೆ, ಎಣ್ಣೆಯನ್ನೂ ತೇವವನ್ನೂ ಹೀರಿಕೊಳ್ಳುತ್ತದೆ. ಉಪಕರಣದ ಅಡಿಭಾಗಕ್ಕೆ ತುಕ್ಕು ಹಿಡಿಯುತ್ತದೆ, ಕೆಲವು ವರ್ಷಗಳಲ್ಲಿ ಫೋಮೇ ಅಂಟಂಟಾಗಿ ಪುಡಿಯಾಗತೊಡಗುತ್ತದೆ. ಥರ್ಮಾಕೋಲ್ ಪೆಟ್ರೋಲ್ ತಾಗಿದರೆ ಕರಗಿಹೋಗುತ್ತದೆ. ಉಳಿಯುವುದು ಮುಚ್ಚಿದ ರಂಧ್ರಗಳ ಎರಡು ಜಾತಿ: ಇವಿಎ ಮತ್ತು ಪಾಲಿಎಥಿಲೀನ್. ಮಕ್ಕಳ ಆಟದ ಕೋಣೆಗೆ ಹಾಸುವ ಜೋಡಣೆ ಮ್ಯಾಟ್ ಇವಿಎ ಜಾತಿಯದು; ಸುಲಭವಾಗಿ ಸಿಗುತ್ತದೆ, ಚೆನ್ನಾಗಿ ಕೊರೆಯಬಹುದು, ಅಂಟೂ ಹಿಡಿಯುತ್ತದೆ. ಆದರೆ ಥಿನ್ನರ್, ಪೆಟ್ರೋಲ್ ಬಿದ್ದರೆ ಉಬ್ಬುತ್ತದೆ, ಲೋಹದ ಚೂರುಗಳು ಮೆತ್ತನೆಯ ಮೇಲ್ಮೈಗೆ ಚುಚ್ಚಿಕೊಂಡು ಕೂರುತ್ತವೆ. ಪಾಲಿಎಥಿಲೀನ್ ಎಣ್ಣೆಗೆ ಹೆಚ್ಚು ತಡೆಯುತ್ತದೆ; ಸೋಪು ನೀರಿನಲ್ಲಿ ತೊಳೆದು ಒಣಗಿಸಿದರೆ ಮುಗಿಯಿತು. ದಿನನಿತ್ಯ ಗ್ರೀಸ್ ಮುಟ್ಟುವ ಕೆಲಸವಾದರೆ ಆಯ್ಕೆ ಪಾಲಿಎಥಿಲೀನೇ. ಕೈಜೆನ್ ಫೋಮ್ ಹೆಸರಿನಲ್ಲಿ ಸಿಗುವುದು ಪದರ ಪದರವಾಗಿ ಬರುವ ಹಾಳೆ. 20, 30, 57 ಮಿ.ಮೀ. ದಪ್ಪಗಳಲ್ಲಿದೆ. ಬೇಕಾದ ಆಳದವರೆಗೆ ಗೀರಿ ಬೆರಳಿನಿಂದ ಪದರ ಕಿತ್ತು ತೆಗೆಯಬಹುದು. ಕಿತ್ತ ತಳ ತರಿತರಿಯಾಗಿರುತ್ತದೆ, ಅದರಲ್ಲಿ ಧೂಳು ಸೇರುತ್ತದೆ.

ಹಾಗಾಗಿ ಎರಡು ಬಣ್ಣದ ಎರಡು ಹಾಳೆಯೇ ನನಗೆ ಹೆಚ್ಚು ಒಪ್ಪಿಗೆ. ಮೇಲೆ 20 ಮಿ.ಮೀ. ಕಪ್ಪು, ಕೆಳಗೆ 5 ಮಿ.ಮೀ. ಹಳದಿ ಅಥವಾ ಕೆಂಪು. ಕಪ್ಪು ಹಾಳೆಯನ್ನು ಆರಪಾರ ಕತ್ತರಿಸಿದರೆ ಸಾಕು, ಆಳ ನೋಡಿ ನೋಡಿ ಕೆತ್ತುವ ರಗಳೆಯೇ ಇಲ್ಲ. ಗುಂಡಿಯ ತಳ ತಾನಾಗಿ ಸಮತಟ್ಟಾಗಿ, ಬಣ್ಣದಲ್ಲಿ ಎದ್ದು ಕಾಣುತ್ತದೆ. ತಳಕ್ಕೆ ಬಿಳಿ ಮಾತ್ರ ಬೇಡ, ಬೇಗ ಮಾಸುತ್ತದೆ.

ಆಳದ ಲೆಕ್ಕ ಹೀಗೆ: ಉಪಕರಣದ ದಪ್ಪದ ಅರ್ಧದಿಂದ ಮೂರನೇ ಎರಡರಷ್ಟು ಒಳಗೆ ಕೂತರೆ ಸಾಕು. ಪೂರ್ತಿ ಮುಳುಗಿದರೆ ಎತ್ತಲು ಉಗುರು ಹಾಕಬೇಕಾಗುತ್ತದೆ. ತೆಳ್ಳಗಿನ ಸ್ಪ್ಯಾನರ್‌ಗಳ ಡ್ರಾಯರ್‌ಗೆ ಮೇಲಿನ ಹಾಳೆ 20ರ ಬದಲು 6ರಿಂದ 8 ಮಿ.ಮೀ. ಇರಲಿ. ಕತ್ತರಿಸುವ ಮುನ್ನ ಡ್ರಾಯರ್‌ನ ಒಳ ಎತ್ತರ ಅಳೆಯಿರಿ. ಮುಂಭಾಗದ ತಗಡಿನ ಎತ್ತರ ನೋಡಿ ಮೋಸಹೋಗುವವರೇ ಹೆಚ್ಚು. ಫೋಮ್ ಮತ್ತು ಉಪಕರಣ ಸೇರಿದ ಎತ್ತರಕ್ಕೂ ಮೇಲಿನ ಡ್ರಾಯರ್‌ನ ತಳಕ್ಕೂ ನಡುವೆ ಕನಿಷ್ಠ 5 ಮಿ.ಮೀ. ಬಿಡಿ. ಇಲ್ಲವಾದರೆ ರಾಚೆಟ್‌ನ (ಸಾಕೆಟ್ ತಿರುಗಿಸುವ ಹಿಡಿಯ) ತಲೆ ಸಿಕ್ಕಿಕೊಂಡು ಡ್ರಾಯರ್ ತೆರೆಯದೇ ನಿಲ್ಲುತ್ತದೆ, ಆಗ ಬಿಡಿಸುವುದು ನಿಜಕ್ಕೂ ತಲೆನೋವು.

ಗುರುತು ಹಾಕುವಾಗ ಆಗುವ ಎಡವಟ್ಟು ಬಹಳ ಸಣ್ಣದು, ಪರಿಣಾಮ ದೊಡ್ಡದು. ಪೆನ್ಸಿಲ್ ಸುಮಾರು 7 ಮಿ.ಮೀ. ದಪ್ಪ. ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೆದರೆ ಗೆರೆ ಉಪಕರಣದಿಂದ 3.5 ಮಿ.ಮೀ. ಆಚೆ ಬೀಳುತ್ತದೆ, ಎರಡೂ ಬದಿ ಸೇರಿ ಗುಂಡಿ 7 ಮಿ.ಮೀ. ಅಗಲವಾಗಿ ಸ್ಪ್ಯಾನರ್ ಲಟಲಟ ಎನ್ನುತ್ತದೆ. ಬಾಲ್‌ಪೆನ್ನಿನ ಬರೀ ರೀಫಿಲ್ ಬಳಸಿ, ಗೆರೆಯ ಒಳಮೈಯಲ್ಲೇ ಕತ್ತರಿಸಿ. ಕಪ್ಪು ಫೋಮ್ ಮೇಲೆ ಶಾಯಿ ಕಾಣದು ಎನ್ನುವವರು ಮೊದಲು ಕಾಗದದ ಮೇಲೆ ಬರೆದು, ಆ ಕಾಗದವನ್ನು ಟೇಪ್‌ನಿಂದ ಅಂಟಿಸಿ ಅದರ ಮೇಲಿಂದಲೇ ಕೊರೆಯಬಹುದು.

ಕತ್ತರಿಸಲು ತುದಿ ಚೂಪಾದ 9 ಮಿ.ಮೀ. ಕಟರ್ ಬ್ಲೇಡ್. ಮೂಲೆಗಳನ್ನು ಮೊದಲು ಲೋಹದ ಕೊಳವೆಯಿಂದ ಗುಂಡಾಗಿ ತೂತು ಹೊಡೆದು, ಆಮೇಲೆ ತೂತುಗಳ ನಡುವೆ ನೇರ ಗೆರೆ ಎಳೆಯಿರಿ. ಬ್ಲೇಡನ್ನು ಮೂಲೆಯಲ್ಲಿ ತಿರುಗಿಸುವಾಗಲೇ ಫೋಮ್ ಹರಿಯುವುದು. ಕೊಳವೆಯ ಅಂಚನ್ನು ಒಳಗಿನಿಂದ ಅರದಲ್ಲಿ ಉಜ್ಜಿ ಹರಿತ ಮಾಡಿ. ಹೊರಗಿನಿಂದ ಉಜ್ಜಿದರೆ ಉಳಿಯಬೇಕಾದ ಗೋಡೆಯೇ ಒತ್ತಿಕೊಂಡು ತೂತು ಸೊಟ್ಟಗಾಗುತ್ತದೆ. ಫೋಮ್‌ನ ಕೆಳಗೆ ಮರದ ಹಲಗೆ ಇರಲಿ. ಮೊದಲ ಗೀರು 4–5 ಮಿ.ಮೀ. ಆಳ, ಆಮೇಲೆ ಅದೇ ದಾರಿಯಲ್ಲಿ ಇಳಿಯುತ್ತಾ ಹೋಗಿ. ಬ್ಲೇಡ್ ಉದ್ದಕ್ಕೆ ಹೊರಗಿದ್ದರೆ ತಿರುವಿನಲ್ಲಿ ಬಾಗುತ್ತದೆ, ಗುಂಡಿ ಮೇಲೆ ಅಗಲ ಕೆಳಗೆ ಕಿರಿದಾಗುತ್ತದೆ. ಫೋಮ್ ಕಿರ್ರೆಂದು ಎಳೆದುಕೊಂಡು ಬರತೊಡಗಿತೆಂದರೆ ಬ್ಲೇಡ್ ಮೊಂಡಾಗಿದೆ, ತುಂಡು ಮುರಿದು ಹೊಸ ತುದಿ ತೆಗೆಯಿರಿ. ಬ್ಲೇಡಿನಲ್ಲಿ ಜಿಪುಣತನ ಮಾಡಿದವರ ಫೋಮ್ ನೋಡಿದರೇ ಗೊತ್ತಾಗುತ್ತದೆ.

ಎರಡು ಗುಂಡಿಗಳ ನಡುವೆ ಕನಿಷ್ಠ 10 ಮಿ.ಮೀ. ಗೋಡೆ ಬಿಡಿ, ಅಂಚಿನಲ್ಲಿ 15. ಇದಕ್ಕಿಂತ ತೆಳುವಾದದ್ದು ಡ್ರಾಯರ್ ರಭಸದಿಂದ ಮುಚ್ಚಿದಾಗ ಹರಿಯುತ್ತದೆ. ಬೆರಳು ಹಾಕಲು 25 ಮಿ.ಮೀ. ಅಗಲದ ಜಾಗ ಬೇಕೇ ಬೇಕು. ಸ್ಪ್ಯಾನರ್‌ಗಳ ಸಾಲಾದರೆ ಒಂದೊಂದಕ್ಕೂ ಕಚ್ಚು ಕೊರೆಯುವ ಬದಲು ಸಾಲಿನ ನಡುವೆ ಉದ್ದಕ್ಕೂ ಒಂದೇ ಕಾಲುವೆ ತೆಗೆದರೆ ಕೆಲಸವೂ ಕಡಿಮೆ, ಎತ್ತುವುದೂ ಸಲೀಸು. ಫೋಮ್ ತಟ್ಟೆಯ ಮೂಲೆಯಲ್ಲೊಂದು ಬೆರಳಿನ ತೂತು ಇರಲಿ, ಶುಚಿಗೆ ಇಡೀ ತಟ್ಟೆಯನ್ನು ಹೊರಗೆಳೆಯಲು. ತಟ್ಟೆ ಡ್ರಾಯರ್‌ಗಿಂತ ಪ್ರತಿ ಬದಿ 1 ಮಿ.ಮೀ. ಚಿಕ್ಕದಾಗಿದ್ದರೆ ಸಲೀಸಾಗಿ ಬರುತ್ತದೆ.

ಅಂಟು: ಇವಿಎಗೆ ರಬ್ಬರ್ ಕಾಂಟ್ಯಾಕ್ಟ್ ಅಂಟು, ಎರಡೂ ಮೈಗೆ ತೆಳುವಾಗಿ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒತ್ತಬೇಕು. ಹಸಿಯಲ್ಲೇ ಒತ್ತಿದರೆ ದ್ರಾವಕ ಒಳಗೇ ಸಿಕ್ಕಿ ಹಾಳೆ ಗುಳ್ಳೆ ಏಳುತ್ತದೆ. ಪಾಲಿಎಥಿಲೀನ್‌ಗೆ ಅಂಟು ಸರಿಯಾಗಿ ಹಿಡಿಯದು. ಹಾಟ್ ಏರ್ ಗನ್‌ನಲ್ಲಿ ಎರಡೂ ಮೈ ಬಿಸಿ ಮಾಡಿ ತಕ್ಷಣ ಒತ್ತುವುದು ಉತ್ತಮ. ಬಹುಪಾಲು ಡ್ರಾಯರ್‌ಗಳಲ್ಲಿ ಅಂಟಿಸದೇ ಸುಮ್ಮನೆ ಇಟ್ಟರೂ ನಡೆಯುತ್ತದೆ.

ವರ್ಷಗಳು ಕಳೆದಂತೆ ಕಾಣುವ ದೋಷಗಳಲ್ಲಿ ಮುಖ್ಯವಾದದ್ದು ತಗ್ಗು ಬೀಳುವುದು. ಸುತ್ತಿಗೆ, ದೊಡ್ಡ ಪೈಪ್ ರೆಂಚ್ ಒಂದೇ ಕಡೆ ಕೂತು ತಳವನ್ನು ಕಾಯಂ ಆಗಿ ಅಮುಕುತ್ತವೆ. ಭಾರದ ಸಾಮಾನಿಗೆ ಫೋಮ್ ವ್ಯರ್ಥ, ರಬ್ಬರ್ ಮ್ಯಾಟ್ ಸಾಕು. ಮುಚ್ಚಿದ ರಂಧ್ರದ ಫೋಮ್ ನೀರು ಹೀರುವುದಿಲ್ಲ ನಿಜ, ಆದರೆ ಒದ್ದೆ ಉಪಕರಣ ಇಟ್ಟರೆ ಆ ನೀರು ಆರಲು ದಾರಿಯೂ ಇಲ್ಲ, ಒರೆಸಿಯೇ ಇಡಬೇಕು. ಹಳೆಯ ಕೆಲವು ಸ್ಕ್ರೂಡ್ರೈವರ್‌ಗಳ ಪಾರದರ್ಶಕ ಪ್ಲಾಸ್ಟಿಕ್ ಹಿಡಿ ವಾಂತಿಯಂಥ ವಾಸನೆ ಬಿಡುತ್ತದಲ್ಲ, ಅದು ಹಿಡಿಯದ್ದೇ ದೋಷ, ಫೋಮ್ ಬದಲಿಸಿದರೆ ಹೋಗುವುದಿಲ್ಲ.

ನಟ್ ತಿರುಗಿಸುವ ಸಾಕೆಟ್‌ಗಳ ವಿಷಯದಲ್ಲಿ ಫೋಮ್‌ಗೆ ಪೂರ್ಣ ಅಂಕ ಕೊಡಲಾಗದು. ನಿಲ್ಲಿಸಿದರೆ ಪಕ್ಕದಲ್ಲಿ ಕೆತ್ತಿದ ಅಳತೆ ಮುಚ್ಚಿಹೋಗುತ್ತದೆ, ಮಲಗಿಸಿದರೆ ಜಾಗ ತಿನ್ನುತ್ತದೆ. ಸಾಕೆಟ್‌ಗಳನ್ನು ಸಾಲಾಗಿ ಸಿಕ್ಕಿಸಿಡುವ ಕಂಬಿ (ಸಾಕೆಟ್ ರೈಲ್) ಇದಕ್ಕಿಂತ ಮೇಲು. ಉಪಕರಣಗಳ ಸೆಟ್ ಇನ್ನೂ ಬೆಳೆಯುತ್ತಿರುವವರು ಯಾವುದನ್ನೂ ಕೊರೆಯುವ ಆತುರ ಪಡಬೇಡಿ. ಬರೀ ಹಾಳೆಯ ಮೇಲೆ ಜೋಡಿಸಿಟ್ಟು ಕೆಲವು ವಾರ ಬಳಸಿ, ಕೈ ಎಲ್ಲಿಗೆ ಹೋಗುತ್ತದೆ ಎಂದು ನೋಡಿ.

ಕೊರೆದು ತೆಗೆದ ತುಂಡುಗಳನ್ನು ಎಸೆಯಬೇಡಿ. ಬ್ಲೇಡ್ ಫೋಮನ್ನು ಸವೆಸುವುದಿಲ್ಲ, ಬರೀ ಸೀಳುತ್ತದೆ. ಆದ್ದರಿಂದ ಆ ತುಂಡು ಅದೇ ಗುಂಡಿಗೆ ಬಿಗಿಯಾಗಿ ಮರಳಿ ಕೂರುತ್ತದೆ. ಉಪಕರಣ ಬದಲಾದಾಗ ತುಂಡನ್ನು ಅಂಟಿಸಿ, ಅದರ ಮೇಲೆ ಹೊಸ ಆಕಾರ ಕೊರೆಯಬಹುದು. ರೂಟರ್ (ತಿರುಗುವ ಅಲಗಿನಿಂದ ಕೊರೆಯುವ ಯಂತ್ರ) ಅಥವಾ ಲೇಸರ್‌ನಲ್ಲಿ ಮಾಡಿಸಿದವರಿಗೆ ಈ ಅನುಕೂಲ ಇಲ್ಲ, ಅಲ್ಲಿ ಅಂಚಿನ ಫೋಮ್ ಪುಡಿಯಾಗಿ ಅಥವಾ ಸುಟ್ಟು ಹೋಗಿರುತ್ತದೆ.