ಹೊರದೇಶದಿಂದ ಬೈಕ್ ಪಾರ್ಟ್ಸ್ ಅಗ್ಗಕ್ಕೆ ಸಿಗುತ್ತೆ ಅಂತ ತರಿಸೋ ಮುಂಚೆ ಇದನ್ನ ಓದಿ

ಮನೆಯಲ್ಲಿ ಅಪ್ಪನ ಕಾಲದ ಯಮಹಾ ಆರ್‌ಎಕ್ಸ್ 135 ಬೈಕ್ ಇದೆ. ಪಿಕಪ್ ಇನ್ನೂ ಸ್ವಲ್ಪ ಜಾಸ್ತಿ ಮಾಡೋಣ ಅಂತ ಎಕ್ಸ್‌ಪಾನ್ಷನ್ ಚೇಂಬರ್ (ನಡುವೆ ಉಬ್ಬಿರೋ, ಪವರ್ ಹೆಚ್ಚಿಸೋ) ಸೈಲೆನ್ಸರ್ ಮತ್ತು 24 ಎಂಎಂ ಕಾರ್ಬೊರೇಟರ್ (ಪೆಟ್ರೋಲ್, ಗಾಳಿ ಬೆರೆಸಿ ಇಂಜಿನ್‌ಗೆ ಕೊಡೋ ಭಾಗ) ಹಾಕಿಸೋ ಹುಚ್ಚು ಹತ್ತಿತು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ವಿಚಾರಿಸಿದೆ. ಎರಡಕ್ಕೂ ಸೇರಿ ಬಿಲ್ ಸಮೇತ 22,000 ಅಂದರು. ಮೊಬೈಲ್‌ನಲ್ಲಿ ನೋಡಿದರೆ ಹೊರದೇಶದವನೊಬ್ಬ ಅದನ್ನೇ 14,000ಕ್ಕೆ ಕೊಡುತ್ತಿದ್ದಾನೆ! ಎಂಟು ಸಾವಿರ ಉಳಿಯಿತು ಅಂತ ಅವತ್ತೇ ಮೈಸೂರಿನ ನಜರ್‌ಬಾದ್‌ನಲ್ಲಿ ಗೆಳೆಯರಿಗೆ ದೋಸೆ ಕೊಡಿಸಿದ್ದೂ ಆಯ್ತು.

ಮೊದಲ ಪೆಟ್ಟು ಸಾಗಣೆಯದ್ದು. ಚೇಂಬರ್ ಒಳಗೆ ಪೊಳ್ಳು, ಮೂರು ಕೆಜಿ ಇದ್ದರೆ ಹೆಚ್ಚು. ಆದರೆ ಕೊರಿಯರ್‌ನವರು ಡಬ್ಬದ ಉದ್ದ, ಅಗಲ, ಎತ್ತರವನ್ನ ಸೆಂಟಿಮೀಟರ್‌ನಲ್ಲಿ ಗುಣಿಸಿ 5,000ದಿಂದ ಭಾಗಿಸುತ್ತಾರೆ, ನಿಜವಾದ ತೂಕಕ್ಕಿಂತ ಅದು ಜಾಸ್ತಿ ಬಂದರೆ ಅದಕ್ಕೇ ದುಡ್ಡು. ನನ್ನ ಡಬ್ಬ 90, 25, 25. ಲೆಕ್ಕದಲ್ಲಿ 11 ಕೆಜಿ ದಾಟಿತು. ಗಾಳಿಗೆ ಬಾಡಿಗೆ ಕೊಟ್ಟ ಹಾಗೆ, 7,400.

ಆಮೇಲೆ ಕಸ್ಟಮ್ಸ್. ಸುಂಕ ಬರೀ ಸಾಮಾನಿನ ಬೆಲೆಯ ಮೇಲಲ್ಲ, ಸಾಗಣೆ ಮತ್ತು ವಿಮೆಯನ್ನೂ ಸೇರಿಸಿ ಹಾಕುತ್ತಾರೆ. ಆ ಸುಂಕದ ಮೇಲೆ ಶೇ. 10 ಸಮಾಜ ಕಲ್ಯಾಣ ಸರ್‌ಚಾರ್ಜ್. ಎಲ್ಲ ಕೂಡಿಸಿ ಬಂದ ಮೊತ್ತದ ಮೇಲೆ ಐಜಿಎಸ್‌ಟಿ, ಅಂದರೆ ಆಮದಿಗೆ ಹಾಕೋ ಜಿಎಸ್‌ಟಿ. ನನಗೆ ಒಟ್ಟು 7,100 ಬಿತ್ತು. ಅದನ್ನ ನಮ್ಮ ಪರವಾಗಿ ಮೊದಲೇ ಕಟ್ಟಿದ್ದಕ್ಕೆ ಕೊರಿಯರ್‌ನವರ ಶುಲ್ಕ 1,100, ಡಾಲರ್‌ನಲ್ಲಿ ಕಟ್ಟಿದ್ದಕ್ಕೆ ಬ್ಯಾಂಕಿನವರು ಕಿತ್ತಿದ್ದು 750. ಒಟ್ಟು 30,350. ದೋಸೆ ಬಿಟ್ಟು.

ಇಷ್ಟಕ್ಕೇ ಮುಗಿದಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ.

ಕಾರ್ಬೊರೇಟರ್ ಮೇಲೆ ಮಿಕುನಿ ಅಂತ ಜಪಾನಿನ ಕಂಪನಿ ಹೆಸರೇನೋ ಇತ್ತು. ನಮ್ಮ ಮೆಕ್ಯಾನಿಕ್ ಅಣ್ಣ ಬೌಲ್ (ಕೆಳಗಿನ ಪೆಟ್ರೋಲ್ ಬಟ್ಟಲು) ಬಿಚ್ಚಿ ಜೆಟ್ (ಎಷ್ಟು ಪೆಟ್ರೋಲ್ ಹೋಗಬೇಕು ಅಂತ ಅಳೆಯೋ ತೂತಿನ ಸಣ್ಣ ತುಂಡು) ಹೊರಗೆ ತೆಗೆದು ಬಿಸಿಲಿಗೆ ಹಿಡಿದು ನೋಡಿದರು. "ಅಸಲಿ ಜೆಟ್ ಮೇಲೆ ಚೌಕದೊಳಗೆ ಇನ್ನೊಂದು ಸಣ್ಣ ಚೌಕ ಇರುತ್ತೆ ಕಣಪ್ಪ, ಇದರಲ್ಲಿ ಬರೀ ನಂಬರ್ ಇದೆ. ತೂತು ಎಷ್ಟಿದೆಯೋ ದೇವರಿಗೇ ಗೊತ್ತು" ಅಂದರು. ಮೂವತ್ತು ಸಾವಿರ ಸುರಿದವನಿಗೆ ಇದೆಲ್ಲ ಕಿವಿಗೆ ಬೀಳುತ್ತಾ? ಹಾಕಿ ಅಣ್ಣ, ನೋಡೋಣ ಅಂದೆ.

ಮೂರನೇ ಭಾನುವಾರ. ಶ್ರೀರಂಗಪಟ್ಟಣ ಇನ್ನೂ ಸ್ವಲ್ಪ ದೂರ ಇದೆ ಅನ್ನುವಾಗ ಥ್ರಾಟಲ್ ಪೂರ್ತಿ ತಿರುವಿದ್ದೆ, ಇಂಜಿನ್ ಒಂದು ಸಲ ಕೀರಲು ದನಿ ಮಾಡಿತು, ಹಿಂದಿನ ಚಕ್ರ ಹಿಡಿದುಕೊಂಡು ಜಾರತೊಡಗಿತು. ಕ್ಲಚ್ ಹಿಡಿದೆ, ಬದುಕಿದೆ. ಹಿಂದೆ ಲಾರಿ ಇರಲಿಲ್ಲ, ಅಷ್ಟೇ ಪುಣ್ಯ. ಆ ಜೆಟ್‌ನಿಂದ ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ ಹೋಗಿ ಪಿಸ್ಟನ್ ಕಾದು ಉಬ್ಬಿ, ತಾನು ಓಡಾಡೋ ಕೊಳವೆಯಲ್ಲೇ (ಅದೇ ಬೋರ್) ಕಚ್ಚಿಕೊಂಡು ಸೀಜ್ ಆಗಿತ್ತು. ಬಿಚ್ಚಿದಾಗ ಸೈಲೆನ್ಸರ್ ಕಡೆಯ ಪಕ್ಕದಲ್ಲಿ ಉಗುರಿನಿಂದ ಕೆರೆದ ಹಾಗೆ ಉದ್ದಕ್ಕೆ ಗೀರುಗಳು, ಬೋರ್ ಗೋಡೆಗೆ ಅಲ್ಯೂಮಿನಿಯಂ ಮೆತ್ತಿಕೊಂಡಿತ್ತು. ಗೂಡ್ಸ್ ಆಟೋ, ಲೇತ್‌ನಲ್ಲಿ ಬೋರ್ ಸ್ವಲ್ಪ ಅಗಲ ಮಾಡಿಸಿದ್ದು, ಅದಕ್ಕೆ ಹೊಂದೋ 0.50 ಎಂಎಂ ಓವರ್‌ಸೈಜ್ ಪಿಸ್ಟನ್, ಎಲ್ಲ ಸೇರಿ ಇನ್ನೊಂದು 4,800.

ಮಾರಿದವನಿಗೆ ಫೋಟೋ ಕಳಿಸಿದೆ. ವಾಪಸ್ ಕಳಿಸಿ, ಸಾಗಣೆ ಖರ್ಚು ನಿಮ್ಮದು ಅಂದ. ಕಟ್ಟಿದ ಸುಂಕದ ಮಾತೇ ಇಲ್ಲ.

ಇಲ್ಲಿ ಸಿಗದೇ ಇರೋ ಪಾರ್ಟ್ ಆದರೆ ತರಿಸಿ, ಬೇಡ ಅನ್ನಲ್ಲ. ಚೇಂಬರ್ ಚೆನ್ನಾಗೇ ಇದೆ (ಅದರ ಸದ್ದಿಗೆ ಪೊಲೀಸರು ಹಿಡಿದದ್ದು ಬೇರೆ ಕತೆ). ಆದರೆ ಡಬ್ಬದ ಅಳತೆ ಕೇಳಿ, ಸುಂಕ ಸೇರಿಸಿ ಮನೆ ಬಾಗಿಲಿಗೆ ಎಷ್ಟಾಗುತ್ತೆ ಅಂತ ಬರೆದುಕೊಂಡು ಆಮೇಲೆ ಇಲ್ಲಿನ ಬೆಲೆ ಪಕ್ಕ ಇಡಿ. ಕಾರ್ಬೊರೇಟರ್ ಕೊನೆಗೆ ಜೆ.ಸಿ. ರಸ್ತೆಯಿಂದಲೇ ತಂದೆ. ಅಂಗಡಿಯವರ ಎದುರಿಗೇ ಬೌಲ್ ಬಿಚ್ಚಿಸಿ ಚೌಕ ನೋಡಿದ ಮೇಲೆಯೇ ದುಡ್ಡು ಕೊಟ್ಟಿದ್ದು.