ಸಂಗೀತ ವಿಭಾಗವೋ, ಗುರುಗಳ ಮನೆಯೋ?

ಪಿಯುಸಿ ಮುಗಿಸಿ ಹಿಂದೂಸ್ತಾನಿ ಗಾಯನ ಕಲಿಯಬೇಕೆನ್ನುವ ಬೆಳಗಾವಿಯ ಮಕ್ಕಳು ಕೇಳುವುದು ಇದನ್ನೇ: ವಿಶ್ವವಿದ್ಯಾಲಯದ ಸಂಗೀತ ವಿಭಾಗಕ್ಕೆ ಸೇರಲೋ, ಗುರುಗಳ ಮನೆಗೆ ಹೋಗಲೋ?

ಗುರುಗಳ ಮನೆಯಲ್ಲಿ ಗಡಿಯಾರ ನೋಡುವವರಿಲ್ಲ. ಯಮನ್ ರಾಗ ಒಂದನ್ನೇ ತಿಂಗಳುಗಟ್ಟಲೆ ಹಾಡಿಸುತ್ತಾರೆ. ಅದರ ತೀವ್ರ ಮಧ್ಯಮ (ಏರಿಸಿದ ‘ಮ’ ಸ್ವರ) ಕೂದಲೆಳೆಯಷ್ಟು ಇಳಿದರೂ ‘ಮತ್ತೊಮ್ಮೆ’ ಅಂತಾರೆ. ವಿಭಾಗದಲ್ಲಿ ತಾಸಿನ ಪಿರಿಯಡ್. ತಂಬೂರಿಯ ನಾಲ್ಕು ತಂತಿ ಶ್ರುತಿ ಮಾಡಿ, ನಾದ ಝೇಂಕರಿಸಲೆಂದು ತಂತಿಯಡಿ ಇಡುವ ಜೀವಾಳಿಯ ದಾರ ಸರಿಸಿ, ನಾದ ಬಿಚ್ಚಿಕೊಳ್ಳುವಷ್ಟರಲ್ಲೇ ಹತ್ತು ನಿಮಿಷ ಹೋಗಿರುತ್ತದೆ. ಪರೀಕ್ಷೆಗೆಂದು ರಾಗದ ಹಿಂದೆ ರಾಗ ಓಡುತ್ತವೆ.

ಆದರೂ ಸಂಗೀತ ಶಾಸ್ತ್ರಜ್ಞ ಭಾತಖಂಡೆಯವರು ರಾಗಗಳನ್ನು ವಿಂಗಡಿಸಿದ 10 ಥಾಟ್, ಸ್ವರಲಿಪಿ, ಪಕ್ಕದ ಕೋಣೆಯಲ್ಲೇ ಸಿಗುವ ತಬಲಾ ವಿದ್ಯಾರ್ಥಿ, ಇವೆಲ್ಲ ಒಂದೇ ಸೂರಿನಡಿ ಇರುವುದು ವಿಭಾಗದಲ್ಲಿ. 12 ಮಾತ್ರೆಯ (ಎಣಿಕೆಯ) ನಿಧಾನಗತಿಯ ವಿಲಂಬಿತ ಏಕತಾಲದಲ್ಲಿ, ತಾಳದ ಮೊದಲ ಮಾತ್ರೆಯಾದ ಸಮ್ ತಪ್ಪಿ, ಗೆಳೆಯರೆದುರೇ ಮತ್ತೆ ಹಿಡಿಯುವ ಧೈರ್ಯ ಅಲ್ಲಿ ಬರುತ್ತದೆ. ಪದವಿಯೂ ಕೈಗೆ ಸಿಗುತ್ತದೆ.

ಶಾಲೆಯಿಂದ ಕಲಾವಿದ ಬರುವುದಿಲ್ಲ ಎಂಬ ಮಾತನ್ನು ನಾನಂತೂ ಒಪ್ಪುವುದಿಲ್ಲ. ಇಲ್ಲೇ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ಪಳಗಿದ್ದು ಮುಂಬೈಯಲ್ಲಿ, ಬಿ.ಆರ್. ದೇವಧರರ ಸಂಗೀತ ಶಾಲೆಯಲ್ಲಿ. ವಿಭಾಗಕ್ಕೇ ಸೇರಿ, ನಸುಕಿನ ಖರ್ಜದ, ಅಂದರೆ ತಗ್ಗು ಸ್ವರಗಳ ಅಭ್ಯಾಸದ, ರಿಯಾಜ್‌ಗೆ ಮಾತ್ರ ಗುರುಗಳ ಬಾಗಿಲು ತಟ್ಟಿ.